ಮಸೂದೆಗೆ ಬೆಂಬಲ ಸರಿ ಸ್ವಾಮಿ, ಮಾತ್ರೆ ಎಲ್ಲಿ?

ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನ. ಅವತ್ತು ನಮ್ಮ ಜನಪ್ರತಿನಿಧಿಗಳಿಗೆಲ್ಲ ಮನಸ್ಸಿನ ನೆನಪಾಗುತ್ತೆ. ಮುಕ್ತವಾಗಿ ಮಾತಾಡೋಣ ಅಂತ ಟ್ವೀಟ್ ಮಾಡ್ತಾರೆ. ಸರಿ, ಮಾತಾಡೋಣ.

2016ರ ಆಗಸ್ಟ್‌ನಲ್ಲಿ ರಾಜ್ಯಸಭೆ, 2017ರ ಮಾರ್ಚ್‌ನಲ್ಲಿ ಲೋಕಸಭೆ ಮಾನಸಿಕ ಆರೋಗ್ಯ ಆರೈಕೆ ಮಸೂದೆಯನ್ನು ಅಂಗೀಕರಿಸಿದವು. ಆಗ ಆರೋಗ್ಯ ಸಚಿವರು ಜೆ.ಪಿ. ನಡ್ಡಾ. ಪಕ್ಷಭೇದ ಮರೆತು ಸದಸ್ಯರು ಬೆಂಬಲಿಸಿದರು. ಕಾಯ್ದೆ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. 2001ರಲ್ಲಿ ತಮಿಳುನಾಡಿನ ಏರವಾಡಿಯಲ್ಲಿ ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮಾನಸಿಕ ರೋಗಿಗಳು ಬೆಂಕಿಗೆ ಸಿಕ್ಕಿ ಸತ್ತ ದೇಶ ನಮ್ಮದು. ಹಾಗೆ ಕಟ್ಟಿಹಾಕುವುದನ್ನು ಈ ಕಾಯ್ದೆ ನಿಷೇಧಿಸಿತು. ದೇಹದ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಿ ಅಂದಿತು. ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮಾತ್ರೆಗಳು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗಬೇಕು ಅಂದಿತು.

ಈಗ ನಮ್ಮೂರಿಗೆ ಬನ್ನಿ. ನಮ್ಮ ಚಿಕ್ಕಪ್ಪ ರಾತ್ರಿಯಿಡೀ ಒಬ್ಬರೇ ಮಾತಾಡೋಕೆ ಶುರು ಮಾಡಿದಾಗ ಊರವರು ಗಾಳಿ ಸೋಕಿದೆ ಅಂದರು. ತಾಯಿತ ಕಟ್ಟಿದ್ದಾಯ್ತು, ಕೋಳಿ ಕೊಯ್ದಿದ್ದೂ ಆಯ್ತು. ನಾನು ಬಿಇ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ನಿಮ್ಹಾನ್ಸ್‌ಗೆ ಕರೆತಂದೆ. ಮಾತ್ರೆ ನುಂಗಿದ ಎರಡು ತಿಂಗಳಿಗೆ ಮನುಷ್ಯ ಮತ್ತೆ ಹೊಲಕ್ಕಿಳಿದರು. ಆದರೆ ಅದೇ ಮಾತ್ರೆ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿದರೆ ಸ್ಟಾಕ್ ಇಲ್ಲ. ಮನೋವೈದ್ಯರು? ಅವರೂ ಇಲ್ಲ. ಚಿಕ್ಕಮ್ಮ ತಿಂಗಳಿಗೊಂದು ದಿನ ಕೂಲಿ ಬಿಟ್ಟು, ಮುಂಜಾನೆ ನಾಲ್ಕಕ್ಕೆ ಬಸ್ ಹತ್ತಿ ಬೆಂಗಳೂರಿಗೆ ಬರುತ್ತಿದ್ದರು. ಬಸ್ ಚಾರ್ಜಿಗೆ ದುಡ್ಡಿಲ್ಲದ ತಿಂಗಳು ಮಾತ್ರೆಯೂ ಇಲ್ಲ. ಮತ್ತೆ ಶುರು.

ಇದಕ್ಕೇ ನಾನು ಹೇಳೋದು: ಮಸೂದೆಗೆ ಕೈ ಎತ್ತೋದು ಕೋಡ್ ರಿವ್ಯೂನಲ್ಲಿ ಅಪ್ರೂವ್ ಒತ್ತಿ ಮನೆಗೆ ಹೋದ ಹಾಗೆ. ಪ್ರೊಡಕ್ಷನ್‌ನಲ್ಲಿ ಓಡ್ತಿದೆಯಾ ಅಂತ ನೋಡೋರು ಯಾರು? 2018ರ ಮೇ ತಿಂಗಳಲ್ಲಿ ಕಾಯ್ದೆ ಜಾರಿಗೆ ಬಂತು. ಹತ್ತು ವರ್ಷದೊಳಗೆ ಜನಸಂಖ್ಯೆಗೆ ತಕ್ಕಷ್ಟು ಮಾನಸಿಕ ಆರೋಗ್ಯ ತಜ್ಞರನ್ನು ಒದಗಿಸಲು ಸರ್ಕಾರ ಪ್ರಯತ್ನಿಸಬೇಕು ಅಂತ ಅದರಲ್ಲೇ ಬರೆದಿದೆ. ಅಂದರೆ 2028. ಈ ಗಡುವಿನ ಬಗ್ಗೆ ನಿಮ್ಮ ಶಾಸಕರು ಬಾಯಿ ಬಿಟ್ಟಿದ್ದನ್ನು ನೀವು ಕೇಳಿದ್ದೀರಾ? ನಾನಂತೂ ಕೇಳಿಲ್ಲ.

ಆರೋಗ್ಯ ರಾಜ್ಯದ ವಿಷಯ, ಸಂಸದರು ಏನು ಮಾಡೋಕಾಗುತ್ತೆ ಅಂತೀರಾ? ಹಾಗಾದರೆ ಶಾಸಕರು ಮಾಡಲಿ. ಪ್ರಶ್ನೋತ್ತರ ಅವಧಿಯಲ್ಲಿ ಎದ್ದು ನಿಂತು, ನನ್ನ ಕ್ಷೇತ್ರದ ಆಸ್ಪತ್ರೆಯಲ್ಲಿ ಈ ಮಾತ್ರೆ ಎಷ್ಟು ದಿನ ಇರಲಿಲ್ಲ ಅಂತ ಕೇಳಲಿ. ಆಗಲ್ಲ ಅನ್ನೋ ಮಾತನ್ನ ಕರ್ನಾಟಕದವರು ಆಡೋ ಹಾಗೇ ಇಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಇದನ್ನು ಮಾಡಿ ತೋರಿಸಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯೇ ಬಳ್ಳಾರಿ.

ತಪ್ಪು ಅವರದ್ದಷ್ಟೇ ಅಲ್ಲ. ಆಫೀಸಿನ ವೆಲ್‌ನೆಸ್ ವೆಬಿನಾರ್‌ನಲ್ಲಿ ಕ್ಯಾಮೆರಾ ಆಫ್ ಮಾಡಿ ಕೂರುವ ನಾವು, ಹಬ್ಬಕ್ಕೆ ಊರಿಗೆ ಹೋದಾಗ ಶಾಸಕರ ಹತ್ತಿರ ರಸ್ತೆ ಕೇಳ್ತೀವಿ, ಟವರ್ ಕೇಳ್ತೀವಿ. ಮಾತ್ರೆ ಕೇಳಲ್ಲ. ನಮ್ಮನೇಲೂ ಇಂಥವರಿದ್ದಾರೆ ಅಂತ ಗೊತ್ತಾಗಿಬಿಡುತ್ತಲ್ಲ, ಆ ನಾಚಿಕೆ.

ನಾನು ಈ ಸಲ ಕೇಳಿದೆ, ಹತ್ತು ಜನರೆದುರಿಗೆ, ಚಿಕ್ಕಪ್ಪನ ಹೆಸರು ಹೇಳಿಯೇ. ಶಾಸಕರು ನೋಡೋಣ ಅಂದರು. ಮುಂದಿನ ಹಬ್ಬಕ್ಕೂ ಹೋಗ್ತೀನಿ, ಮತ್ತೆ ಕೇಳ್ತೀನಿ. ನೀವೂ ನಿಮ್ಮೂರಲ್ಲಿ ಕೇಳಿ.