‘ಟೋಸ್ಕಾ’: ಉಳಿದುಬಂದ ಒಂದು ಅಂಕ

ಪಾಶ್ಚಾತ್ಯ ನಾಟಕದ ಮಾತು ಬಂದಾಗ ನಮ್ಮ ಅಧ್ಯಾಪಕರೊಬ್ಬರು ತರಗತಿಯಲ್ಲಿ, “ಆಪೆರಾ ಕಿವಿಯಿಂದ ಕೇಳಬೇಕಾದ ಕಲೆ, ಅದನ್ನು ಚಲಚ್ಚಿತ್ರದಲ್ಲಿ ನೋಡುವುದು ಒಣಗಿದ ಹೂವನ್ನು ಮೂಸಿ ನೋಡಿದಂತೆ” ಎಂದರು. ಗುರುಗಳಲ್ಲಿ ನನಗೆ ಅಪಾರ ಗೌರವವಿದೆ. ಆದರೂ ಈ ಒಂದು ಮಾತನ್ನು ನಾನು ಒಪ್ಪಲಾರೆನು. ಏಕೆಂಬುದನ್ನು ವಾಚಕರಲ್ಲಿ ನಿವೇದಿಸಿಕೊಳ್ಳಲು ಈ ಪುಟಗಳ ಆಶ್ರಯ ಪಡೆದಿದ್ದೇನೆ.

ಆಪೆರಾ ಎಂದರೆ ಬಹುಮಟ್ಟಿಗೆ ಆದ್ಯಂತವಾಗಿ ಹಾಡಿಕೊಂಡೇ ನಡೆಯುವ ನಾಟಕ. ನಾನು ನೋಡಿದ್ದು ಪುಚೀನಿಯ ‘ಟೋಸ್ಕಾ’ದ ಎರಡನೆಯ ಅಂಕವನ್ನು. 1964ರ ಫೆಬ್ರವರಿ 9ರಂದು ಲಂಡನ್ನಿನ ಕಾವೆಂಟ್ ಗಾರ್ಡನ್ ರಂಗಮಂದಿರದಲ್ಲಿ, ಪ್ರೇಕ್ಷಕರ ಸಮ್ಮುಖದಲ್ಲಿ ನಡೆದುದನ್ನು ಟೆಲಿವಿಷನ್ನಿಗಾಗಿ ಕಪ್ಪುಬಿಳುಪಿನಲ್ಲಿ ಸೆರೆಹಿಡಿದ ಚಿತ್ರವದು. ಟೋಸ್ಕಾಳ ಪಾತ್ರದಲ್ಲಿ ಮರಿಯಾ ಕ್ಯಾಲಸ್, ಪೊಲೀಸು ಮುಖ್ಯಸ್ಥ ಸ್ಕಾರ್ಪಿಯಾನ ಪಾತ್ರದಲ್ಲಿ ಟೀಟೊ ಗೊಬ್ಬಿ. ರಂಗನಿರ್ದೇಶನ ಫ್ರಾಂಕೊ ಜೆಫಿರೆಲ್ಲಿಯದು. ಹಾಸ್ಟೆಲಿನಲ್ಲಿ ಮೊದಲು ನೋಡಿದಾಗ ಮಿತ್ರರು, “ಚೂರಿ ತಿಂದು ಸಾಯುವವನೂ ಹಾಡುತ್ತಾನಲ್ಲ!” ಎಂದು ನಕ್ಕರು. ನಮ್ಮ ಕಂಪನಿ ನಾಟಕಗಳಲ್ಲಿ ಸಾಯುವ ವೀರನು ಹಾಡಿದ್ದಲ್ಲದೆ ‘ಒನ್ಸ್ ಮೋರ್’ ಎಂದರೆ ಎದ್ದು ಇನ್ನೊಮ್ಮೆ ಹಾಡುತ್ತಿದ್ದನೆಂಬುದನ್ನು ಅವರು ಮರೆತಿರಬೇಕು.

ಕಥೆ 1800ರ ರೋಮ್ ನಗರದ್ದು. ಗಾಯಕಿ ಟೋಸ್ಕಾಳ ಪ್ರಿಯನಾದ ಚಿತ್ರಕಾರನು ಸೆರೆಮನೆಯಿಂದ ತಪ್ಪಿಸಿಕೊಂಡವನೊಬ್ಬನಿಗೆ ಆಶ್ರಯ ಕೊಟ್ಟಿದ್ದಾನೆ. ಸ್ಕಾರ್ಪಿಯಾ ಅವನನ್ನು ಪಕ್ಕದ ಕೋಣೆಯಲ್ಲಿ ಹಿಂಸಿಸುತ್ತ, ಆ ಕೂಗನ್ನು ಟೋಸ್ಕಾಳಿಗೆ ಕೇಳಿಸುತ್ತಾನೆ. ಆಕೆ ತಾಳಲಾರದೆ ಗುಟ್ಟನ್ನು ಬಿಟ್ಟುಕೊಡುತ್ತಾಳೆ. ಅಷ್ಟಕ್ಕೂ ಮುಗಿಯದು, ಪ್ರಿಯನ ಪ್ರಾಣ ಬೇಕಾದರೆ ಆಕೆ ತನ್ನ ಮಾನವನ್ನೇ ಬೆಲೆಯಾಗಿ ತೆರಬೇಕು. ಒಪ್ಪಿದಂತೆ ತಲೆಯಾಡಿಸುತ್ತಾಳೆ. ಅವನು ರಹದಾರಿ ಪತ್ರವನ್ನು ಬರೆಯಲು ಕುಳಿತಾಗ ಆಕೆ ಊಟದ ಮೇಜಿನ ಬಳಿಗೆ ಬಂದು ದ್ರಾಕ್ಷಾರಸದ ಲೋಟಕ್ಕೆ ಕೈಹಾಕುತ್ತಾಳೆ. ಅಲ್ಲಿ ಚೂರಿಯಿದೆ.

ಮಿತ್ರರೇ, ಈ ಸ್ಥಳದಲ್ಲಿ ಹಾಡಿಲ್ಲ. ವಾದ್ಯಗಳು ನುಡಿಯುತ್ತಿವೆ, ಅಷ್ಟೆ. ಚೂರಿಯನ್ನು ಕಂಡದ್ದು, ಬೆಚ್ಚಿದ್ದು, ನಿಶ್ಚಯಿಸಿದ್ದು, ಎಲ್ಲವೂ ಕ್ಯಾಲಸ್‌ಳ ಮೈಯಲ್ಲಿ ನಡೆಯುತ್ತದೆ. ಧ್ವನಿಮುದ್ರಿಕೆ ಇದನ್ನು ಹೇಗೆ ಕೇಳಿಸೀತು?

ದಸರೆಯ ರಜದಲ್ಲಿ ಊರಿಗೆ ಹೋದಾಗ ಇದೇ ಚಿತ್ರವನ್ನು ಮೊಬೈಲಿನಲ್ಲಿ ನಮ್ಮ ಅಪ್ಪನಿಗೆ ತೋರಿಸಿದೆನು. ಅಪ್ಪ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಇಟಾಲಿಯನ್ ಇರಲಿ, ಇಂಗ್ಲಿಷೂ ಬಾರದು. ಕಥೆಯನ್ನು ನಾನು ಹೇಳಿರಲಿಲ್ಲ. ಆ ಸ್ಥಳ ಬರುತ್ತಲೇ ಅವರು ಬೀಡಿಯನ್ನು ಕೆಳಗಿಟ್ಟು, “ಅವ್ಳಿಗೆ ಚಾಕು ಕಂಡೈತೆ ಕಣ್ಲಾ. ಇನ್ನು ಅವ್ನು ಉಳಿಯಾಕಿಲ್ಲ” ಎಂದರು. ಮೂರು ವರ್ಷ ಸಾಹಿತ್ಯ ಓದಿದ ನಾನು ಮುದ್ರಿತ ಭಾಷಾಂತರವನ್ನು ಪಕ್ಕದಲ್ಲಿಟ್ಟುಕೊಂಡು ಎರಡನೆಯ ಸಲ ನೋಡಿದಾಗ ತಿಳಿದದ್ದು ಅವರಿಗೆ ಮೊದಲ ನೋಟಕ್ಕೇ ತಿಳಿಯಿತು. ನನಗೆ ಸ್ವಲ್ಪ ನಾಚಿಕೆಯೂ ಆಯಿತೆಂದು ಒಪ್ಪಿಕೊಳ್ಳುತ್ತೇನೆ.

ಗುರುಗಳ ಪಕ್ಷದಲ್ಲೂ ಬಲವಿದೆ. ಇದೇ ಕ್ಯಾಲಸ್, ಇದೇ ಗೊಬ್ಬಿ, 1953ರಲ್ಲಿ ವಿಕ್ಟರ್ ಡಿ ಸಬಾತನ ನೇತೃತ್ವದಲ್ಲಿ ಹಾಡಿದ ಪೂರ್ಣ ‘ಟೋಸ್ಕಾ’ ಧ್ವನಿಮುದ್ರಿಕೆಯಾಗಿ ದೊರೆಯುತ್ತದೆ. ಕಂಠವನ್ನಷ್ಟೇ ತೂಗುವುದಾದರೆ ಅದೇ ಮೇಲು. 1964ರ ಹೊತ್ತಿಗೆ ಆಕೆಗೆ ನಲವತ್ತು. ಮೇಲಿನ ಸ್ವರಗಳು ನಡುಗುತ್ತವೆ, ಒಂದೆರಡು ಕಡೆ ಒರಟಾಗುತ್ತವೆ. ಮರುವರ್ಷ ಜುಲೈ 5ರಂದು ಅದೇ ರಂಗಮಂದಿರದಲ್ಲಿ ಇದೇ ಪಾತ್ರ ಮಾಡಿ ಆಕೆ ಆಪೆರಾ ರಂಗವನ್ನೇ ಬಿಟ್ಟಳು. ಆದರೆ ಹಿಂಸೆಯನ್ನು ಕೇಳಿ ತತ್ತರಿಸುವ ಹೆಂಗಸಿನ ದನಿ ನಡುಗಿದರೆ ಅದನ್ನು ಎಲ್ಲ ಕಡೆಯೂ ದೋಷವೆನ್ನಬಹುದೇ? ನನಗೇನೋ ಹಾಗೆ ಅನ್ನಿಸುವುದಿಲ್ಲ.

ನನ್ನ ದೂರು ಬೇರೆಯದು. ಉಳಿದದ್ದು ಇಷ್ಟು ಕಡಿಮೆಯೇಕೆ? ಆಕೆಯ ಒಂದು ಪೂರ್ಣ ಆಪೆರಾ ಕೂಡ ಚಿತ್ರವಾಗಿ ಉಳಿದಿಲ್ಲ. 1958ರ ಡಿಸೆಂಬರ್ 19ರಂದು ಪ್ಯಾರಿಸ್ಸಿನಲ್ಲಿ ಚಿತ್ರಿತವಾದದ್ದೂ ‘ಟೋಸ್ಕಾ’ದ ಇದೇ ಅಂಕ. 1955ರಲ್ಲಿ ಮಿಲಾನಿನ ಲಾ ಸ್ಕಾಲಾದಲ್ಲಿ ವಿಸ್ಕೋಂಟಿ ನಿರ್ದೇಶಿಸಿದ ‘ಲಾ ಟ್ರಾವಿಯಾಟಾ’ದ ಧ್ವನಿಯಿದೆ, ಛಾಯಾಚಿತ್ರಗಳಿವೆ, ಆಕೆ ಹೇಗೆ ನಡೆದಳು, ಹೇಗೆ ತಿರುಗಿದಳೆಂಬುದನ್ನು ಕಂಡವರ ಬಾಯಿಂದಲೇ ತಿಳಿಯಬೇಕು. 1969ರಲ್ಲಿ ಪಾಸೊಲಿನಿಯ ‘ಮೆಡಿಯಾ’ ಚಲಚ್ಚಿತ್ರದಲ್ಲಿ ಆಕೆ ಅಭಿನಯಿಸಿದಳು, ಆದರೆ ಅದು ಆಪೆರಾ ಅಲ್ಲ. ಹಾಡುವವಳನ್ನು ಬಿಟ್ಟು ಮುಖವನ್ನು ಮಾತ್ರ ತೆಗೆದುಕೊಂಡರು!

ಚಿತ್ರಕ್ಕೂ ತನ್ನದೇ ದಬ್ಬಾಳಿಕೆಯಿದೆ. ಕ್ಯಾಮೆರಾ ಆಕೆಯ ಮುಖದ ಸಮೀಪಕ್ಕೆ ಹೋದಾಗ ಗೊಬ್ಬಿ ಏನು ಮಾಡುತ್ತಿದ್ದನೆಂಬುದು ನಮಗೆ ಕಾಣದು. ರಂಗಮಂದಿರದಲ್ಲಿ ಕುಳಿತವನು ಬೇಕಾದ ಕಡೆ ನೋಡಬಲ್ಲನು. ಆದರೆ ಅಲ್ಲಿ ಕುಳಿತವರಲ್ಲಿ ನಮ್ಮಂಥವರು ಎಷ್ಟು ಮಂದಿ? ಟಿಕೆಟ್ಟು ಕೊಂಡು ಒಳಗೆ ಹೋಗುವ ಯೋಗ ಎಲ್ಲರಿಗೂ ಇಲ್ಲ. ಬಾಗಿಲ ಸಂದಿಯಿಂದ ನೋಡುವವನು ಸಂದಿ ಚಿಕ್ಕದೆಂದು ಮುಖ ತಿರುಗಿಸುವುದಿಲ್ಲ.

ಕೊಲೆಯಾದ ಮೇಲೆ ಟೋಸ್ಕಾ ಹೆಣದ ಎರಡು ಪಕ್ಕದಲ್ಲಿ ಮೇಣದ ಬತ್ತಿಗಳನ್ನಿಟ್ಟು, ಎದೆಯ ಮೇಲೆ ಶಿಲುಬೆಯನ್ನಿರಿಸಿ, ಸದ್ದಿಲ್ಲದೆ ಹೊರಟುಹೋಗುತ್ತಾಳೆ. ಇದೂ ಹಾಡಿಲ್ಲದ ಭಾಗವೇ. ಇಡೀ ಅಂಕ ಸುಮಾರು ಮುಕ್ಕಾಲು ಗಂಟೆಯದು. ಗುರುಗಳು ಸಮ್ಮತಿಸಿದರೆ ನಮ್ಮ ಸಾಹಿತ್ಯ ಸಂಘದಲ್ಲಿ ಒಂದು ಶನಿವಾರ ಮಧ್ಯಾಹ್ನ ಇದನ್ನು ತೋರಿಸಬಹುದು. ಮುಂದಿನ ಸಾಲಿನ ಕುರ್ಚಿಯನ್ನು ಅವರಿಗಾಗಿ ನಾನೇ ಹಾಕುತ್ತೇನೆ.