ಮರುಭೂಮಿಯ ಕೊಳಕ್ಕೆ ಕರಿಕಲ್ಲೇಕೆ?

ಚಾಮರಾಜನಗರದ ಕರಿಕಲ್ಲೆಂದರೆ ನಮಗೂ ಹೆಮ್ಮೆಯೇ. ಆದರೆ ಜೋಧಪುರದಂಥ ಊರಿನ ಈಜುಕೊಳದ ದಂಡೆಗೆ ಅದನ್ನು ಹೊಳಪು ಕೊಟ್ಟು ಹಾಸುವವರನ್ನು ಕೇಳುತ್ತೇವೆ: ಮಧ್ಯಾಹ್ನ ಬರಿಗಾಲಲ್ಲಿ ಅದರ ಮೇಲೆ ನಿಂತು ನೋಡಿದ್ದೀರಾ? ಅದೇ ಸೀಮೆಯ ಫಲೋದಿಯಲ್ಲಿ 2016ರ ಮೇ 19ರಂದು ನೆರಳಿನಲ್ಲೇ 51 ಡಿಗ್ರಿ! ಕಪ್ಪು ಬಿಸಿಲನ್ನು ಹೀರುತ್ತದೆ, ಬಿಳುಪು ಹಿಂದಿರುಗಿಸುತ್ತದೆ. ಇದು ಶಾಲೆಯ ಹುಡುಗರಿಗೂ ಗೊತ್ತು. ಮೆಕ್ಕಾದ ಮಸೀದಿಯ ಅಂಗಳಕ್ಕೆ ಗ್ರೀಸಿನ ಥಾಸೋಸ್ ದ್ವೀಪದ ಬಿಳಿ ಅಮೃತಶಿಲೆ ಹಾಸಿರುವುದು ಸುಮ್ಮನೆಯೇ?

ಜೋಧಪುರಕ್ಕೆ ಅಷ್ಟು ದೂರ ಹೋಗಬೇಕಿಲ್ಲ. ತಿಳಿಬಣ್ಣದ ಮರಳುಗಲ್ಲು ಮನೆಬಾಗಿಲಲ್ಲೇ ಇದೆ. ಹೊಳಪು ಬೇಡ, ಒದ್ದೆಗಾಲು ಜಾರೀತು. ಒರಟು ಮೈ ಇರಲಿ. ನಿಂತ ನೀರಿನ ಉಪ್ಪು ಕಲ್ಲಿನೊಳಗಿಳಿದು ಪದರ ಏಳಿಸುತ್ತದೆ. ಆದ್ದರಿಂದ ನೀರು ಹರಿಯಲು ಇಳಿಜಾರಿರಲಿ. ನೋಡುವವರ ಕಣ್ಣು ತಣಿಸಲು ಆಡುವ ಮಕ್ಕಳ ಅಂಗಾಲು ಸುಡಬೇಕೆ?