ಪರದೆ ಕೊಳ್ಳುವ ಮೊದಲು ಪುಸ್ತಕ ಎಲ್ಲಿದೆ ನೋಡಿ

ಮಂಗಳೂರಿನ ಮಳೆಗಾಲಕ್ಕೆ ಪುಸ್ತಕದ ಮೇಲೆ ಬಲು ಮೋಹ. ಜೂನ್‌ನಲ್ಲಿ ಮುಚ್ಚಿದ ಕಪಾಟನ್ನು ಸೆಪ್ಟೆಂಬರಿನಲ್ಲಿ ತೆರೆದರೆ ರಟ್ಟಿನ ಮೇಲೆ ಬಿಳಿ ಬೂಷ್ಟು, ಬೆನ್ನಿನ ಅಂಟಿನಲ್ಲಿ ಹುಳ, ಗೋಡೆಗೆ ತಾಗಿದ ಸಾಲಿಗೆ ಒರಲೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಕಾಗದವನ್ನು ಉಳಿಸಿಕೊಳ್ಳುವುದೇ ಒಂದು ದುಡಿಮೆ. ಕದ್ರಿ, ಬಿಜೈ, ಬೆಂದೂರಿನ ಹಂಚಿನ ಮನೆಗಳು ಫ್ಲ್ಯಾಟುಗಳಾದ ಮೇಲೆ ಪುಸ್ತಕ ಏರಿಸಿಡಲು ಅಟ್ಟವೂ ಇಲ್ಲ. ಸಾವಿರ ಪುಸ್ತಕ ಹಿಡಿಸುವ, ಬೂಷ್ಟು ಬಾರದ, ಅಂಗೈಯಗಲದ ಯಂತ್ರವೊಂದು ಇಲ್ಲಿನವರ ಆಸೆ ಕೆರಳಿಸಿದರೆ ಅದರಲ್ಲಿ ಅಚ್ಚರಿಯಿಲ್ಲ.

ಆಸೆ ಸರಿಯೇ. ತಪ್ಪುತ್ತಿರುವುದು ಆಯ್ಕೆಯಲ್ಲಿ. ದುಬೈಯಿಂದಲೋ ದೋಹಾದಿಂದಲೋ ರಜೆಗೆ ಬರುವ ಮಕ್ಕಳು ನಿವೃತ್ತ ಅಪ್ಪನಿಗೆ ಅಮೆಜಾನ್‌ನ ಇ-ರೀಡರ್ ಕಿಂಡಲ್ ತಂದುಕೊಡುವುದು ಈಗ ರೂಢಿ. ಅಪ್ಪ ಅದರಲ್ಲಿ ಶಿವರಾಮ ಕಾರಂತರನ್ನು ಹುಡುಕುತ್ತಾರೆ, ಭೈರಪ್ಪನವರನ್ನು ಹುಡುಕುತ್ತಾರೆ, ಸಿಕ್ಕಿದ ಇಂಗ್ಲಿಷ್ ಪುಸ್ತಕವನ್ನು ನಾಲ್ಕು ಪುಟ ತಿರುವುತ್ತಾರೆ. ಆಮೇಲೆ ಅದು ಕನ್ನಡಕದ ಪೆಟ್ಟಿಗೆಯ ಪಕ್ಕ ಚಾರ್ಜ್ ಕಳೆದುಕೊಂಡು ಮಲಗುತ್ತದೆ.

ಯಂತ್ರದ ದೋಷ ಅದಲ್ಲ. ಅದರ ಇ-ಇಂಕ್ ಪರದೆ ನಿಜಕ್ಕೂ ಸೊಗಸಾದ ಸಾಧನೆ. ಕೂದಲೆಳೆಯಷ್ಟು ಸಣ್ಣ ಗುಳಿಗೆಗಳಲ್ಲಿ ಕಪ್ಪು ಮತ್ತು ಬಿಳಿ ಕಣಗಳು ತೇಲುತ್ತಿರುತ್ತವೆ. ವಿದ್ಯುತ್ತು ತಾಗಿದಾಗ ಒಂದು ಬಣ್ಣ ಮೇಲೆ ಬಂದು ಇನ್ನೊಂದು ಕೆಳಗಿಳಿಯುತ್ತದೆ, ಅಷ್ಟರಲ್ಲಿ ಅಕ್ಷರ ಮೂಡಿರುತ್ತದೆ. ಮೂಡಿದ ಪುಟ ಹಾಗೇ ನಿಲ್ಲಲು ವಿದ್ಯುತ್ತು ಬೇಡ, ಪುಟ ತಿರುವಿದಾಗ ಮಾತ್ರ ಖರ್ಚು. ಅದಕ್ಕೇ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ. ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದ ರಾತ್ರಿಗಳಿಗೆ ಇದಕ್ಕಿಂತ ಒಳ್ಳೆಯ ಜತೆಗಾರ ಸಿಗಲಿಕ್ಕಿಲ್ಲ. ಪಣಂಬೂರು ಕಡಲತಡಿಯ ಬಿಸಿಲಲ್ಲಿ ಮೊಬೈಲ್ ಪರದೆ ಕನ್ನಡಿಯಾಗುವ ಹೊತ್ತಿನಲ್ಲೂ ಇದರ ಅಕ್ಷರ ಅಚ್ಚಿನಂತೆ ಕಾಣುತ್ತದೆ. 2022ರ ಸಾದಾ ಕಿಂಡಲ್ ತೂಗುವುದು 158 ಗ್ರಾಂ, ಹತ್ತನೇ ಪೀಳಿಗೆಯ ಐಪ್ಯಾಡ್ 477 ಗ್ರಾಂ. ಅಂಗಾತ ಮಲಗಿ ಓದುವಾಗ ನಿದ್ದೆ ಹತ್ತಿ ಕೈ ಜಾರಿದರೆ ಈ ವ್ಯತ್ಯಾಸ ಮೂಗಿಗೆ ಚೆನ್ನಾಗಿ ತಿಳಿಯುತ್ತದೆ.

ಆದರೆ ಓದುವವರಿಗೆ ಬೇಕಾದ್ದು ಪುಸ್ತಕ. ಅಮೆಜಾನ್ ಮೊದಲ ಕಿಂಡಲನ್ನು ಮಾರುಕಟ್ಟೆಗೆ ತಂದದ್ದು 2007ರಲ್ಲಿ. ಭಾರತೀಯ ಭಾಷೆಗಳ ಇ-ಪುಸ್ತಕಗಳಿಗೆ ಅದು ಬಾಗಿಲು ತೆರೆದದ್ದು 2016ರ ಡಿಸೆಂಬರಿನಲ್ಲಿ. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಒಳಗೆ ಹೋದವು. ಕನ್ನಡ ಹೊರಗೆ ಉಳಿಯಿತು. ಅಂದರೆ ಕೇರಳದ ಗಡಿಯ ತಲಪಾಡಿ ದಾಟಿದರೆ ಸಿಗುವ ಭಾಷೆಗೆ ಇದ್ದ ಸೌಲಭ್ಯ ತಲಪಾಡಿಯ ಈಚೆಗೆ ಇರಲಿಲ್ಲ. ಕನ್ನಡವನ್ನೂ ಸೇರಿಸಿ ಎಂದು ಜಾಲತಾಣಗಳಲ್ಲಿ ಓದುಗರು ಸಾಕಷ್ಟು ಗದ್ದಲ ಎಬ್ಬಿಸಿದರು. ಆ ದೊಡ್ಡ ಅಂಗಡಿಯ ಜಗುಲಿಯಲ್ಲಿ ಕಾಯುತ್ತ ಕೂರುವ ಬದಲು ವಸಂತ ಶೆಟ್ಟಿ, ಪವಮಾನ ಅಥಣಿ ಮೊದಲಾದವರು 2020ರಲ್ಲಿ ಮೈಲ್ಯಾಂಗ್ ಎಂಬ ಆ್ಯಪ್ ತಂದರು. ಕನ್ನಡ ಇ-ಪುಸ್ತಕ, ಕೇಳುಪುಸ್ತಕಗಳನ್ನು ಮಾರಲೆಂದೇ ಹುಟ್ಟಿದ ಮಳಿಗೆ ಅದು. ಗೂಗಲ್ ಪ್ಲೇ ಬುಕ್ಸ್‌ನಲ್ಲೂ ಕನ್ನಡ ಪುಸ್ತಕ ಸಿಗುತ್ತವೆ. ಧಾರಾವಾಹಿ, ಕತೆಗಳಿಗೆ ಪ್ರತಿಲಿಪಿ ಇದೆ. ಸಾರ್ವಜನಿಕ ಗ್ರಂಥಾಲಯ ಇಲಾಖೆ 2020ರಲ್ಲೇ ಡಿಜಿಟಲ್ ಗ್ರಂಥಾಲಯ ಆರಂಭಿಸಿತು, ಅದು ಉಚಿತ.

ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಇವೆಲ್ಲ ಮೊಬೈಲು, ಟ್ಯಾಬ್‌ಗಳಲ್ಲಿ ನಡೆಯುವ ವ್ಯವಹಾರ. ಕಿಂಡಲ್‌ನಲ್ಲಿ ಈ ಆ್ಯಪ್‌ಗಳನ್ನು ಹಾಕಿಕೊಳ್ಳಲು ಬರುವುದಿಲ್ಲ.

ಹಾಗಾದರೆ ಪಿಡಿಎಫ್? ಕನ್ನಡದ ಹಳೆಯ ಪುಸ್ತಕಗಳ ದೊಡ್ಡ ಕಣಜ ಇರುವುದೇ ಅಲ್ಲಿ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಸಾವಿರಾರು ಕನ್ನಡ ಗ್ರಂಥಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಬಿಟ್ಟಿ ಬಿದ್ದಿವೆ. ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸು 1894ರಲ್ಲಿ ಅಚ್ಚು ಹಾಕಿದ ಕಿಟೆಲರ ಕನ್ನಡ ನಿಘಂಟೂ ಅಲ್ಲಿದೆ. ನಮ್ಮಲ್ಲಿ ಲೇಖಕರು ತೀರಿಕೊಂಡು 60 ವರ್ಷವಾದರೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ಪಂಜೆ ಮಂಗೇಶರಾಯರು ಹೋದದ್ದು 1937ರಲ್ಲಿ, ಅವರ ಬರಹ ಎಂದೋ ಎಲ್ಲರ ಸೊತ್ತಾಗಿದೆ. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು, 2024ರ ಜನವರಿ 1ರಿಂದ ಅವರೂ ಸಾರ್ವಜನಿಕರ ಪಾಲು. ಕಾರಂತರಿಗೆ ಮಾತ್ರ 2057ರ ಕೊನೆಯ ತನಕ ಕಾಯಬೇಕು, ಅಲ್ಲಿಯವರೆಗೆ ದುಡ್ಡು ಕೊಟ್ಟು ಓದುವುದೇ ಮರ್ಯಾದೆ.

ಆ ಪಿಡಿಎಫ್‌ಗಳನ್ನು ಆರು ಇಂಚಿನ ಇ-ರೀಡರಿನಲ್ಲಿ ತೆರೆದಾಗ ಆಗುವುದು ಸರಳ ಅಂಕಗಣಿತ. ಕನ್ನಡದ ಕಾದಂಬರಿಗಳು ಸಾಮಾನ್ಯವಾಗಿ ಡೆಮಿ 1/8 ಆಕಾರದವು, ಪುಟ ಹೆಚ್ಚುಕಡಿಮೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ. ಆರು ಇಂಚಿನ ಪರದೆಯ ಉದ್ದ 4.8 ಇಂಚು, ಅಗಲ 3.6. ಇಡೀ ಪುಟ ಹಿಡಿಸಬೇಕಾದರೆ ಅದು ಅರ್ಧಕ್ಕಿಂತ ತುಸುವೇ ಹೆಚ್ಚಿನ ಗಾತ್ರಕ್ಕೆ ಕುಗ್ಗಬೇಕು. 12 ಪಾಯಿಂಟಿನ ಅಕ್ಷರ 7 ಪಾಯಿಂಟಿಗೂ ಕೆಳಗೆ ಇಳಿಯುತ್ತದೆ. ಇಂಗ್ಲಿಷಿನ ಅಕ್ಷರ ಅಷ್ಟು ಸಣ್ಣದಾದರೂ ಹೇಗೋ ಗುರುತು ಹತ್ತೀತು. ಕನ್ನಡದ ಕತೆ ಬೇರೆ. ‘ರಾಷ್ಟ್ರ’ದ ಷಕಾರದ ಕೆಳಗೆ ನೇತಾಡುವ ಎರಡು ಒತ್ತುಗಳು ಒಂದು ಕಪ್ಪು ಚುಕ್ಕೆಯಾಗುತ್ತವೆ. ಮಹಾಪ್ರಾಣದ ಬುಡದ ಸೀಳು ಮುಚ್ಚಿಹೋಗಿ ಧನವಂತ ದನವಂತನಾಗುತ್ತಾನೆ. ದೊಡ್ಡದು ಮಾಡಿಕೊಳ್ಳೋಣ ಎಂದರೆ ಸ್ಕ್ಯಾನ್ ಆದದ್ದು ಚಿತ್ರ, ಅದರ ಸಾಲು ಮುರಿದು ಜೋಡಿಕೊಳ್ಳುವುದಿಲ್ಲ. ಪ್ರತಿ ಸಾಲಿಗೂ ಪುಟವನ್ನು ಎಡಕ್ಕೆ ಎಳೆ, ಬಲಕ್ಕೆ ಎಳೆ. ಪುಟ ಬದಲಾಗಲು ಅರೆಕ್ಷಣ ತೆಗೆದುಕೊಳ್ಳುವ ಇ-ಇಂಕ್‌ನಲ್ಲಿ ಈ ಎಳೆದಾಟ ಐದು ನಿಮಿಷದಲ್ಲಿ ತಾಳ್ಮೆ ಕೆಡಿಸುತ್ತದೆ.

11 ಇಂಚಿನ ಟ್ಯಾಬ್‌ನ ಪರದೆ ಸುಮಾರು 9.3 ಇಂಚು ಉದ್ದ, 5.8 ಇಂಚು ಅಗಲ. ಡೆಮಿ ಪುಟ ಅದರಲ್ಲಿ ಇದ್ದ ಹಾಗೇ ಬಂದು ಕೂರುತ್ತದೆ. 8.7 ಇಂಚಿನದ್ದಾದರೆ ಪುಟ ಐದನೇ ಒಂದು ಪಾಲು ಕುಗ್ಗುತ್ತದೆ, ಅಂಚಿನ ಬಿಳಿ ಜಾಗ ಕತ್ತರಿಸಿಕೊಂಡರೆ ಓದಬಹುದು. ಕನ್ನಡವನ್ನೇ ಹೆಚ್ಚು ಓದುವವರಿಗೆ ಟ್ಯಾಬ್ ಸರಿ, ಇ-ರೀಡರ್ ಅಲ್ಲ ಎಂದು ಹೇಳಲು ಇಷ್ಟು ಲೆಕ್ಕ ಸಾಕು. ಬಿಡುವಿನಲ್ಲಿ ಇಂಗ್ಲಿಷ್ ಪತ್ತೇದಾರಿ ಓದುವವರು, ರೈಲಿನಲ್ಲಿ ಮುಂಬೈಗೆ ಓಡಾಡುವವರು ನಿಶ್ಚಿಂತೆಯಿಂದ ಕಿಂಡಲ್ ಕೊಳ್ಳಲಿ.

ಕನ್ನಡ ಪುಸ್ತಕಗಳು ಯಾಕೆ ಹೀಗೆ ಚಿತ್ರಗಳಾಗಿ ಉಳಿದವು ಎಂಬುದಕ್ಕೆ ಹಿನ್ನೆಲೆಯುಂಟು, ಅದರಲ್ಲಿ ಈ ಊರಿನವರ ಪಾತ್ರವೂ ಉಂಟು. ಗಣಕದಲ್ಲಿ ಕನ್ನಡ ಬೆರಳಚ್ಚಿಸುವುದನ್ನು ಸುಲಭ ಮಾಡಿದ ಕೀಲಿಮಣೆಯ ವಿನ್ಯಾಸ ಕೆ.ಪಿ. ರಾಯರದ್ದು. ಅವರ ಹೆಸರಿನ ಮೊದಲಕ್ಷರ ‘ಕೆ’ ಎಂದರೆ ಮಂಗಳೂರಿನ ಹತ್ತಿರದ ಕಿನ್ನಿಕಂಬಳ. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟ ತಂತ್ರಾಂಶವನ್ನು ಅವರು ಪುಕ್ಕಟೆ ಹಂಚಿದರು. ರಾಜ್ಯ ಸರಕಾರ ಒಪ್ಪಿದ ಕೀಲಿಮಣೆಗೂ ಅದೇ ಅಡಿಪಾಯ. ಕೀಲಿಮಣೆಯ ಪ್ರಶ್ನೆ ಹೀಗೆ ಬಗೆಹರಿಯಿತು, ಫಾಂಟಿನದು ಬಗೆಹರಿಯಲಿಲ್ಲ. ಡಿಟಿಪಿ ಮಾಡುವವರು ಪೇಜ್‌ಮೇಕರಿನಲ್ಲಿ ನುಡಿ, ಶ್ರೀಲಿಪಿ ಫಾಂಟುಗಳನ್ನು ಬಳಸಿ ಪುಟ ಕಟ್ಟಿದರು, ಎಷ್ಟೋ ಮುದ್ರಣಾಲಯಗಳಲ್ಲಿ ಇವತ್ತಿಗೂ ಕಟ್ಟುತ್ತಾರೆ. ಆ ಹಳೆಯ ಫಾಂಟುಗಳಲ್ಲಿ ಕನ್ನಡ ಕೇವಲ ವೇಷ, ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. 1991ರಿಂದಲೇ ಜಗತ್ತಿನ ಲಿಪಿಗಳ ಸಂಕೇತ ಪದ್ಧತಿಯಾದ ಯುನಿಕೋಡ್‌ನಲ್ಲಿ ಕನ್ನಡಕ್ಕೆ ಸ್ವಂತ ಮನೆ ಇದ್ದರೂ ಪ್ರಕಾಶಕರ ಕಡತಗಳು ಅಲ್ಲಿಗೆ ಹೋಗಲಿಲ್ಲ. ಈಗ ಪರಿವರ್ತಿಸಿದರೆ ಅರ್ಕಾವೊತ್ತು ಕಾಡುತ್ತದೆ. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ಬಳಿಕ ಬರುವ ಗುರುತು, ಯುನಿಕೋಡ್‌ನಲ್ಲಿ ರ್ ಮೊದಲು ಬರಬೇಕು. ಜಾಗ ಅದಲುಬದಲಾಗಿ ‘ಧರ್ಮ’ ಎಲ್ಲಿ ಕೆಟ್ಟಿತು ಎಂದು ಕಣ್ಣಿಟ್ಟು ಹುಡುಕುವವರು ಬೇಕು. ಮುನ್ನೂರು ಪುಟದ ಕಾದಂಬರಿಗೆ ಮತ್ತೊಂದು ಸುತ್ತು ಕರಡು ತಿದ್ದುವ ಸಂಬಳ ಕೊಡಲು ಸಣ್ಣ ಪ್ರಕಾಶಕರು ಹಿಂದೇಟು ಹಾಕುತ್ತಾರೆ.

ಮನಸ್ಸು ಮಾಡಿದವರೂ ಇದ್ದಾರೆ. ಜಿ.ಎನ್. ಅಶೋಕವರ್ಧನರು 1975ರಲ್ಲಿ ತೆರೆದ ಅತ್ರಿ ಬುಕ್ ಸೆಂಟರ್ ಮಂಗಳೂರಿನ ಓದುಗರ ಪಾಲಿಗೆ ಒಂದು ಕಟ್ಟೆಯಾಗಿತ್ತು. 2012ರಲ್ಲಿ ಅಂಗಡಿ ಮುಚ್ಚಿದ ಮೇಲೆ ಅವರು ತಮ್ಮ ಮತ್ತು ತಂದೆ ಜಿ.ಟಿ. ನಾರಾಯಣ ರಾಯರ ಪುಸ್ತಕಗಳನ್ನು ತಮ್ಮ ಜಾಲತಾಣದಲ್ಲಿ ಉಚಿತ ಇ-ಪುಸ್ತಕಗಳಾಗಿ ಹಾಕತೊಡಗಿದರು. ಒಬ್ಬ ವ್ಯಾಪಾರಿ ಅಂಗಡಿ ಮುಚ್ಚಿಯೂ ಮಾಡಿದ ಕೆಲಸವನ್ನು ಸರಕಾರ ಖಜಾನೆ ಇಟ್ಟುಕೊಂಡೂ ಸಾಕಷ್ಟು ಮಾಡುತ್ತಿಲ್ಲವಲ್ಲ! ಗ್ರಂಥಾಲಯ ಇಲಾಖೆ ಸಗಟು ಖರೀದಿಯಲ್ಲಿ ಪ್ರಕಾಶಕರಿಂದ ಪ್ರತಿಗಳನ್ನು ಕೊಳ್ಳುತ್ತದೆ. ಆ ಪ್ರತಿಗಳ ಜತೆ ಯುನಿಕೋಡ್‌ನಲ್ಲಿರುವ ಇ-ಪಬ್ ಕಡತವೂ ಬರಬೇಕು, ಅದಕ್ಕೆ ಪ್ರತ್ಯೇಕ ದರ ಕೊಡುತ್ತೇವೆ ಎಂದು ಒಂದು ಸಾಲು ಸೇರಿಸಿದರೆ ಸಾಕು, ಕರಡು ತಿದ್ದುವವರ ಸಂಬಳ ಅಲ್ಲೇ ಹುಟ್ಟುತ್ತದೆ. ಅಕ್ಷರ ದೊಡ್ಡದು ಮಾಡಿಕೊಳ್ಳುವ, ಗಟ್ಟಿಯಾಗಿ ಓದಿಸಿ ಕೇಳುವ ಸೌಲಭ್ಯ ಇ-ಪಬ್‌ಗೆ ಸಹಜ. ಕಣ್ಣಿನ ಪೊರೆ ಬಂದವರಿಗೆ, ದೃಷ್ಟಿ ಇಲ್ಲದವರಿಗೆ ಅದು ಓದಿನ ಬಾಗಿಲು.

ಟ್ಯಾಬ್‌ನ ಪರವಾಗಿ ಇನ್ನೂ ಎರಡು ಮಾತಿದೆ. ಮಂಗಳೂರಿನ ಮನೆಗಳಲ್ಲಿ ಓದು ಕನ್ನಡಕ್ಕೇ ನಿಲ್ಲುವುದಿಲ್ಲ, ಕನ್ನಡ ಲಿಪಿಗೆ ನಿಲ್ಲುತ್ತದೆ. 1938ರಲ್ಲಿ ಶುರುವಾದ ಕೊಂಕಣಿ ವಾರಪತ್ರಿಕೆ ‘ರಾಕ್ಣೊ’ ಕನ್ನಡ ಲಿಪಿಯದ್ದು. ತುಳು, ಬ್ಯಾರಿ ಪುಸ್ತಕಗಳೂ ಹೆಚ್ಚಾಗಿ ಹಾಗೆಯೇ. ತುಳು ಲಿಪಿ 2024ರ ಸೆಪ್ಟೆಂಬರಿನಲ್ಲಷ್ಟೇ ಯುನಿಕೋಡ್ ಸೇರಿದೆ, ಅದು ಯಂತ್ರಗಳಿಗೆ ಇಳಿಯಲು ಸಮಯ ಬೇಕು. ಇಷ್ಟು ಬಗೆಯ ಓದಿಗೆ ಒಂದು ಅಂಗಡಿಗೆ ಕಟ್ಟಿಹಾಕದ ಯಂತ್ರವೇ ಮೇಲು. ಇನ್ನು ಮಕ್ಕಳು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಬಣ್ಣಬಣ್ಣದ ಚಿತ್ರಕತೆಗಳು ಉಚಿತ. ಕಪ್ಪುಬಿಳುಪಿನ ಪರದೆಯಲ್ಲಿ ಅವುಗಳ ಹುಲಿಯೂ ಬೆಕ್ಕೂ ಒಂದೇ ಬಣ್ಣ. ದಿನಪತ್ರಿಕೆಯ ಇ-ಪೇಪರು, ವಾರಪತ್ರಿಕೆಯ ಬಣ್ಣದ ಪುಟ ಓದಲೂ ದೊಡ್ಡ ಪರದೆಯೇ ಬೇಕು.

ಟ್ಯಾಬ್‌ನ ಶನಿಯೂ ಗೊತ್ತಿರಬೇಕು. ಎರಡನೇ ಅಧ್ಯಾಯ ಕುದುರುವ ಹೊತ್ತಿಗೆ ಫ್ಯಾಮಿಲಿ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಹೂವು ಅರಳುತ್ತದೆ, ಕ್ರಿಕೆಟ್ ಸ್ಕೋರು ಕರೆಯುತ್ತದೆ. ಓದಿಗೆಂದೇ ಕೊಂಡ ಟ್ಯಾಬ್‌ಗೆ ಸಿಮ್ ಹಾಕದೆ, ವಾಟ್ಸ್‌ಆ್ಯಪ್ ಇಳಿಸದೆ ಇಟ್ಟರೆ ಅರ್ಧ ಕಾಟ ತಪ್ಪುತ್ತದೆ. ರಾತ್ರಿ ಬೆಳಕನ್ನು ತಗ್ಗಿಸಿ ಹಳದಿಗೆ ತಿರುಗಿಸಿಕೊಳ್ಳಬೇಕು, ಹಾಗಿದ್ದೂ ಕಾಗದದ ಹಿತ ಬಾರದು. ಎರಡೂ ಬೇಕು ಎನ್ನುವವರಿಗೆ ಆಂಡ್ರಾಯ್ಡ್ ಮೇಲೆ ನಡೆಯುವ ಇ-ಇಂಕ್ ಯಂತ್ರಗಳಿವೆ, ಚೀನಾದ ಓನಿಕ್ಸ್ ಕಂಪನಿಯ ಬೂಕ್ಸ್ ಅಂಥದ್ದು. ಕನ್ನಡದ ಆ್ಯಪ್‌ಗಳನ್ನು ಅದರಲ್ಲಿ ಹಾಕಿಕೊಳ್ಳಬಹುದು. ಆದರೆ ಬಿಡುವಿನ ಓದಿಗೆ ಅಷ್ಟು ದುಡ್ಡು ಸುರಿಯುವುದು ಅತಿಯಾಯಿತು.

ಕೊಂಡ ಇ-ಪುಸ್ತಕ ನಿಜಕ್ಕೂ ಯಾರದ್ದು ಎಂಬ ಪ್ರಶ್ನೆ ಎಲ್ಲ ಪರದೆಗೂ ಸಮಾನ. 2009ರ ಜುಲೈಯಲ್ಲಿ ಅಮೆಜಾನ್ ಹಕ್ಕಿನ ತಕರಾರಿನಿಂದಾಗಿ ಓದುಗರ ಕಿಂಡಲ್‌ಗಳ ಒಳಗಿನಿಂದಲೇ ಕೆಲವು ಪುಸ್ತಕಗಳನ್ನು ಅಳಿಸಿಹಾಕಿತು. ಅಳಿದವುಗಳಲ್ಲಿ ಜಾರ್ಜ್ ಆರ್ವೆಲ್‌ರ ‘1984’ ಇದ್ದದ್ದು ವಿಧಿಯ ಕುಚೋದ್ಯ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆಗೆ ಬೀಗ ಹಾಕಿ ದುಡ್ಡು ಹಿಂದಿರುಗಿಸಿತು, ಪುಸ್ತಕಗಳು ಮಾಯವಾದವು. ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿ ತಂತಿಯಿಂದ ಕಿಂಡಲ್‌ಗೆ ಸಾಗಿಸುವ ಸೌಲಭ್ಯವನ್ನು ಅಮೆಜಾನ್ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿತು. ಮತ್ತೆ ಮತ್ತೆ ಓದಬೇಕಾದ ಪುಸ್ತಕವನ್ನು ಕಾಗದದಲ್ಲೇ ಕೊಂಡು ಬೂಷ್ಟು ಒರೆಸುತ್ತಿರುವುದು ಇವತ್ತಿಗೂ ಜಾಣತನ.

ಬೆಲೆಯ ವಿಚಾರ ಹೇಳುವುದಾದರೆ, ಸ್ಯಾಮ್‌ಸಂಗ್‌ನ 8.7 ಇಂಚಿನ ಟ್ಯಾಬ್ ಎ9 2023ರಲ್ಲಿ ಬಂದಾಗ 12,999 ರೂಪಾಯಿ. ಕಿಂಡಲ್ ಪೇಪರ್‌ವೈಟ್‌ನ ಹೊಸ ಮಾದರಿ 2025ರಲ್ಲಿ ಭಾರತಕ್ಕೆ ಬಂದಾಗ 16,999. ಹಬ್ಬದ ರಿಯಾಯಿತಿಯಲ್ಲಿ ಎರಡೂ ಇಳಿಯುತ್ತವೆ. ಟ್ಯಾಬ್‌ಗಳನ್ನು ಹಂಪನಕಟ್ಟೆಯ ಅಂಗಡಿಗಳಲ್ಲೂ ಮಾಲ್‌ಗಳಲ್ಲೂ ಕೈಯಲ್ಲಿ ಹಿಡಿದು ನೋಡಬಹುದು. ಹೋಗುವಾಗ ಮೊಬೈಲಿನಲ್ಲಿ ಒಂದು ಹಳೆಯ ಕನ್ನಡ ಪುಸ್ತಕದ ಪಿಡಿಎಫ್ ಇಟ್ಟುಕೊಂಡು ಹೋಗಿ, ಅಂಗಡಿಯ ಟ್ಯಾಬ್‌ಗೆ ಕಳಿಸಿ, ಜೂಮ್ ಮಾಡದೆ ಎರಡು ಪುಟ ಓದಬೇಕು. ಒತ್ತಕ್ಷರ ಕಂಡರೆ ಬಿಲ್ ಮಾಡಿಸಬಹುದು. ಕಾಣದಿದ್ದರೆ ಇನ್ನೊಂದು ಇಂಚು ದೊಡ್ಡದನ್ನು ತೋರಿಸಲು ಹೇಳಬೇಕು, ಸೇಲ್ಸ್‌ನ ಹುಡುಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಎಷ್ಟೇ ವಿವರಿಸುತ್ತಿದ್ದರೂ.